ಕಾವೇರಿಯ ವಕಾಲತ್ತು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಸರ್ಕಾರಿ ಕಡತದಲ್ಲಿ ಈ ನಾಲ್ಕೂ ತಾಲ್ಲೂಕುಗಳು ಸೇರಿ ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗ. ನೀರಿನ ವಿಷಯಕ್ಕೆ ಬಂದರೆ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಶ್ರೀರಂಗಪಟ್ಟಣದ ಗದ್ದೆಗಳು ಒಡೆಯರ ಕಾಲದ ಅಣೆಕಟ್ಟೆಗಳ ನೀರು ಕುಡಿದು ಬೆಳೆದವು. ಪಾಂಡವಪುರದ ಕಬ್ಬಿಗೂ ಆಲೆಮನೆಗೂ ವಿಶ್ವೇಶ್ವರಯ್ಯ ನಾಲೆಯೇ ಆಧಾರ. ಊರಿನವರ ಬಾಯಲ್ಲಿ ಅದು ವಿ.ಸಿ. ನಾಲೆ. ಕೆ.ಆರ್. ಪೇಟೆಯವರದು ಹೇಮಾವತಿಯ ನಂಟು. ನಾಗಮಂಗಲದವರು ಬಹುಕಾಲ ಮಳೆಯನ್ನೂ ಕೆರೆಯನ್ನೂ ನೆಚ್ಚಿ ರಾಗಿ, ಹುರುಳಿ ಬೆಳೆದವರು. ನಾಲೆಯ ನೀರನ್ನು ಕಂಡದ್ದು ತೀರ ಈಚೆಗೆ.

ಆದರೆ ನಾಲ್ಕು ಕಡೆಯೂ ಗದ್ದೆಗೆ ಎಷ್ಟು ನೀರು ಹರಿಯಬೇಕು, ಎಷ್ಟು ಎಕರೆ ನೆನೆಯಬೇಕು ಎಂಬ ಲೆಕ್ಕ ಹೊಲದ ಬದುವಿನ ಮೇಲೆ ತೀರ್ಮಾನವಾದದ್ದಲ್ಲ. ನೂರಿಪ್ಪತ್ತೈದಕ್ಕೂ ಹೆಚ್ಚು ವರ್ಷ ಅದು ಕರಾರು, ಪಂಚಾಯ್ತಿ, ಮೇಲ್ಮನವಿ, ಐತೀರ್ಪುಗಳ ಹಾಳೆಗಳಲ್ಲಿ ಅಲೆಯಿತು. ಆ ಅಲೆದಾಟದ ಕೊನೆಯ ಮೂರು ದಶಕಗಳಲ್ಲಿ ಕರ್ನಾಟಕದ ಪರವಾಗಿ ಮುಂದೆ ನಿಂತವರು ಫಾಲಿ ಸ್ಯಾಮ್ ನಾರಿಮನ್. ರಂಗೂನಿನಲ್ಲಿ ಹುಟ್ಟಿದ ಪಾರ್ಸಿ. ಮುಂಬೈಯಲ್ಲಿ ಬೆಳೆದ ವಕೀಲ. 1991ರಿಂದ 2010ರವರೆಗೆ ಬಾರ್ ಅಸೋಸಿಯೇಷನ್ ಆಫ್ ಇಂಡಿಯಾದ ಅಧ್ಯಕ್ಷ. ವಿ.ಸಿ. ನಾಲೆಯ ಚರಿತ್ರೆ ಬರೆಯುವವರು ಎಂಜಿನಿಯರುಗಳನ್ನು ನೆನೆಯುತ್ತಾರೆ, ಮಹಾರಾಜರನ್ನು ನೆನೆಯುತ್ತಾರೆ. ಆ ಪಟ್ಟಿಯಲ್ಲಿ ಈ ವಕೀಲನಿಗೂ ಜಾಗ ಸಲ್ಲಬೇಕು.

ಹಿಂದಿನ ಕಥೆ ಸರಳವಾಗಿತ್ತು. ದೊರೆ ಕಟ್ಟೆ ಕಟ್ಟಿಸಿದರೆ ನೀರು ಹರಿಯುತ್ತಿತ್ತು. ಶ್ರೀರಂಗಪಟ್ಟಣದ ಬಂಗಾರದೊಡ್ಡಿ ನಾಲೆ ಕಂಠೀರವ ನರಸರಾಜ ಒಡೆಯರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಹೊಳೆಯ ಒಂದು ಕವಲನ್ನು ದಾಟಿಸಿ ದ್ವೀಪಕ್ಕೆ ನೀರು ತಂದ ನಾಲೆ ಅದು. ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆ ಇಂದಿಗೂ ಗದ್ದೆಗೆ ನೀರುಣಿಸುತ್ತವೆ. ಹೇಮಾವತಿಗೆ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಹೇಮಗಿರಿ, ಮಂದಗೆರೆಗಳಲ್ಲಿ ಅಣೆಗಳಿವೆ. ಪಾಂಡವಪುರದ ತೊಣ್ಣೂರು ಕೆರೆಯನ್ನು ಜನ ರಾಮಾನುಜಾಚಾರ್ಯರ ಕಾಲಕ್ಕೆ ಒಯ್ಯುತ್ತಾರೆ. ಕನ್ನಂಬಾಡಿಯ ಬಳಿ ಅಣೆಕಟ್ಟು ಕಟ್ಟುವ ಯೋಚನೆ ಟಿಪ್ಪುವಿಗೂ ಇತ್ತೆಂಬುದಕ್ಕೆ ಅಲ್ಲಿ ದೊರೆತ ಪರ್ಷಿಯನ್ ಶಾಸನ ಸಾಕ್ಷಿ. ಇವುಗಳಲ್ಲಿ ಯಾವುದಕ್ಕೂ ಕೆಳಗಿನ ರಾಜ್ಯದ ಒಪ್ಪಿಗೆ ಬೇಕಿರಲಿಲ್ಲ.

ಒಪ್ಪಿಗೆಯ ಮಾತು ಬಂದದ್ದು 1892ರ ಫೆಬ್ರುವರಿ 18ರಂದು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿ ಹನ್ನೊಂದು ವರ್ಷವಾಗಿತ್ತು. ಮದ್ರಾಸ್ ಪ್ರಾಂತ್ಯ ನೇರವಾಗಿ ಬ್ರಿಟಿಷರದು, ಮೈಸೂರು ಅವರ ಅಧೀನ ಸಂಸ್ಥಾನ. ಕಾವೇರಿ, ಹೇಮಾವತಿ ಸೇರಿದಂತೆ ಪಟ್ಟಿಯಲ್ಲಿ ಹೆಸರಿಸಿದ ನದಿಗಳ ಮೇಲೆ ಮದ್ರಾಸಿನ ಮುಂಗಡ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟುವಂತಿಲ್ಲ ಎಂದು ಕರಾರಾಯಿತು. ತಂಜಾವೂರಿನ ಬಯಲಿನಲ್ಲಿ ಭತ್ತದ ಬೇಸಾಯ ಬಹು ಹಳೆಯದು. ಆ ರೈತರ ಅಂಜಿಕೆಯೂ ಸುಳ್ಳಲ್ಲ. ಆದರೂ ಕರಾರಿನ ಎರಡು ಪಕ್ಷಗಳು ಸಮಾನ ನೆಲದ ಮೇಲೆ ನಿಂತು ರುಜು ಹಾಕಲಿಲ್ಲ. ಮುಂದೆ ಕರ್ನಾಟಕದ ವಕೀಲರು ನ್ಯಾಯಾಲಯಗಳಲ್ಲಿ ಮತ್ತೆ ಮತ್ತೆ ಎತ್ತಿದ ಮಾತು ಇದೇ.

ಕನ್ನಂಬಾಡಿಯ ಕೆಲಸ 1911ರಲ್ಲಿ ಶುರುವಾಯಿತು. ಆಗ ಮುಖ್ಯ ಎಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯ ಮರುವರ್ಷ ದಿವಾನರಾದರು. ಮದ್ರಾಸು ಒಪ್ಪಿದ್ದು ಮೊದಲ ಹಂತದ 80 ಅಡಿ ಎತ್ತರಕ್ಕೆ, 11 ಟಿಎಂಸಿ (ಸಾವಿರ ದಶಲಕ್ಷ ಘನ ಅಡಿ) ಸಂಗ್ರಹಕ್ಕೆ ಮಾತ್ರ. ವಿಶ್ವೇಶ್ವರಯ್ಯನವರ ನಕ್ಷೆಯಲ್ಲಿದ್ದದ್ದು 124 ಅಡಿ. ಅಡಿಪಾಯವನ್ನು ದೊಡ್ಡ ಕಟ್ಟೆಗೆ ಬೇಕಾದಷ್ಟು ಅಗಲಕ್ಕೇ ಹಾಕಿದ್ದನ್ನು ಕಂಡು ಮದ್ರಾಸು ತಕರಾರು ತೆಗೆಯಿತು. ವಿಷಯ ಪಂಚಾಯ್ತಿಗೆ ಹೋಯಿತು. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸರ್ ಹೆನ್ರಿ ಡಿ. ಗ್ರಿಫಿನ್ 1913ರಲ್ಲಿ ವಿಚಾರಣೆ ಆರಂಭಿಸಿ, 1914ರ ಮೇ 12ರಂದು ಐತೀರ್ಪು ಕೊಟ್ಟರು. ಅದು ಮೈಸೂರಿಗೆ ಅನುಕೂಲವಾಗಿತ್ತು. ಭಾರತ ಸರ್ಕಾರ 1916ರಲ್ಲಿ ಅದನ್ನು ಒಪ್ಪಿತು. ಮದ್ರಾಸು ಲಂಡನ್ನಿಗೆ ಮೇಲ್ಮನವಿ ಹೋಯಿತು. 1919ರಲ್ಲಿ ಅಲ್ಲಿನ ಭಾರತ ಕಾರ್ಯದರ್ಶಿ ಆ ಒಪ್ಪಿಗೆಯನ್ನು ತಡೆದರು. ಗೆದ್ದ ಪಂಚಾಯ್ತಿ ಕೈತಪ್ಪಿತು. ಮತ್ತೆ ಮಾತುಕತೆ, ಮತ್ತೆ ಪತ್ರ ವ್ಯವಹಾರ. ಕೊನೆಗೆ 1924ರ ಫೆಬ್ರುವರಿ 18ರಂದು ಎರಡನೆಯ ಒಪ್ಪಂದವಾಯಿತು. ಕನ್ನಂಬಾಡಿಯ ಕಟ್ಟೆಗೆ, ಅಂದರೆ ಕೃಷ್ಣರಾಜಸಾಗರಕ್ಕೆ, 44.827 ಟಿಎಂಸಿ ಬಳಕೆಯ ಸಂಗ್ರಹ. ಅದರ ಕೆಳಗೆ ಹೊಸದಾಗಿ 1,25,000 ಎಕರೆ ನೀರಾವರಿ. ಕಾವೇರಿಯ ಉಳಿದ ಉಪನದಿಗಳ ಮೇಲೆ ಇನ್ನೂ 1,10,000 ಎಕರೆ. ಕೆಲವು ಅಂಶಗಳನ್ನು 50 ವರ್ಷದ ಬಳಿಕ ಮರುಪರಿಶೀಲಿಸಬಹುದು ಎಂಬ ಒಂದು ಷರತ್ತೂ ಅದರಲ್ಲಿತ್ತು.

ಆ 1,25,000 ಎಕರೆಯೇ ಇಂದಿನ ಮಂಡ್ಯ. 1930ರ ದಶಕದ ಆರಂಭದಲ್ಲಿ ಕಟ್ಟೆ ಮುಗಿಯಿತು. ವೈಸರಾಯ್ ಇರ್ವಿನ್ ಹೆಸರು ಹೊತ್ತ ನಾಲೆ, ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಪಡೆದದ್ದು, ಹುಲಿಕೆರೆ ಸುರಂಗ ಹಾದು ಬಯಲಿಗೆ ಇಳಿಯಿತು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರ ಜುಲೈ 1ರಂದು ಹೊಸ ಜಿಲ್ಲೆಯೇ ಬಂತು. ಹಿರೋಡೆ ಎಂದೂ ಫ್ರೆಂಚ್ ರಾಕ್ಸ್ ಎಂದೂ ಕರೆಸಿಕೊಂಡಿದ್ದ ಪಾಂಡವಪುರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದಿತು. ಕನ್ನಂಬಾಡಿ ಮುಳುಗಿತು. ಮುಳುಗಿದ ಊರುಗಳ ಜನ ಹೊಸ ಊರು ಕಟ್ಟಿಕೊಂಡರು.

ಹೇಮಾವತಿಯ ಕಥೆ ಬೇರೆ. ಗೊರೂರಿನ ಜಲಾಶಯವನ್ನು ಕರ್ನಾಟಕ ಕೇಂದ್ರದ ಅನುಮತಿಗೆ ಕಾಯದೆ, ತನ್ನದೇ ದುಡ್ಡಿನಲ್ಲಿ ಕಟ್ಟಿಕೊಂಡಿತು. ಹಾರಂಗಿ, ಕಬಿನಿ, ಸುವರ್ಣಾವತಿಗಳದೂ ಅದೇ ದಾರಿ. ಕೆ.ಆರ್. ಪೇಟೆಯ ಒಣಭೂಮಿಗೂ ನಾಗಮಂಗಲದ ಕೆರೆಗಳಿಗೂ ನಾಲೆಯ ನೀರಿನ ಆಸೆ ಚಿಗುರಿದ್ದು ಹೇಮಾವತಿಯ ಎಡದಂಡೆ ನಾಲೆಯಿಂದ. 1974ಕ್ಕೆ 50 ವರ್ಷ ತುಂಬಿತು. ಹಳೆಯ ಒಪ್ಪಂದ ಮುಗಿಯಿತು ಎಂದು ಕರ್ನಾಟಕ ಹೇಳಿತು, ಮುಗಿಯಲಿಲ್ಲ ಎಂದು ತಮಿಳುನಾಡು ಹೇಳಿತು. 1983ರಲ್ಲಿ ತಮಿಳುನಾಡಿನ ರೈತರ ಸಂಘವೊಂದು ಸುಪ್ರೀಂ ಕೋರ್ಟಿಗೆ ಹೋಯಿತು. 1990ರ ಮೇ 4ರಂದು ಕೋರ್ಟು ನ್ಯಾಯಮಂಡಳಿ ರಚಿಸುವಂತೆ ಕೇಂದ್ರಕ್ಕೆ ಹೇಳಿತು. ಜೂನ್ 2ಕ್ಕೆ ಕಾವೇರಿ ನ್ಯಾಯಮಂಡಳಿ ಹುಟ್ಟಿತು.

ಈ ಘಟ್ಟದಲ್ಲಿ ಕರ್ನಾಟಕ ಆರಿಸಿಕೊಂಡ ವಕೀಲ ಎಂಥವರು ಎಂಬುದು ಮುಂದಿನ ಕಥೆಗೆ ಮುಖ್ಯ.

ನಾರಿಮನ್ ಹುಟ್ಟಿದ್ದು 1929ರ ಜನವರಿ 10ರಂದು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಬರ್ಮಾಕ್ಕೆ ನುಗ್ಗಿದಾಗ ಕುಟುಂಬ ಮನೆಮಠ ಬಿಟ್ಟು ಭಾರತಕ್ಕೆ ಬಂತು. ಮುಂಬೈಯ ಸರ್ಕಾರಿ ಲಾ ಕಾಲೇಜಿನಲ್ಲಿ ಓದಿ 1950ರಲ್ಲಿ, ಸಂವಿಧಾನ ಜಾರಿಗೆ ಬಂದ ವರ್ಷವೇ, ವಕೀಲರಾಗಿ ನೋಂದಾಯಿಸಿಕೊಂಡರು. ಜಮ್‌ಷೆಡ್‌ಜಿ ಕಾಂಗಾ ಅವರ ಕಚೇರಿಯಲ್ಲಿ ಪಳಗಿದರು. 1972ರಲ್ಲಿ ಕೇಂದ್ರ ಸರ್ಕಾರದ ಅಡಿಷನಲ್ ಸಾಲಿಸಿಟರ್ ಜನರಲ್ ಆಗಿ ದೆಹಲಿಗೆ ಹೋದರು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಒಂದೆರಡು ದಿನಗಳೊಳಗೆ ಅವರು ಆ ಹುದ್ದೆ ಬಿಟ್ಟರು. ಸರ್ಕಾರಕ್ಕೆ ಬೇಡವಾದವರನ್ನೆಲ್ಲ ಜೈಲಿಗೆ ತುಂಬುತ್ತಿದ್ದ ಹೊತ್ತಿನಲ್ಲಿ ಸರ್ಕಾರಿ ವಕೀಲನೊಬ್ಬ ಹಾಗೆ ಎದ್ದು ಹೊರಟದ್ದು ಸಣ್ಣ ಮಾತಲ್ಲ. ಅವರ ವೃತ್ತಿಜೀವನದಲ್ಲಿ ಆಮೇಲೂ ಇಂಥ ಎದ್ದು ನಡೆಯುವ ಗಳಿಗೆಗಳು ಬಂದವು. 1998ರ ಕೊನೆಯಲ್ಲಿ ಗುಜರಾತಿನಲ್ಲಿ ಕ್ರೈಸ್ತರ ಮೇಲೆ ದಾಳಿಗಳಾದಾಗ, ನರ್ಮದಾ ವ್ಯಾಜ್ಯದಲ್ಲಿ ಆ ರಾಜ್ಯದ ಪರ ತಾವು ಹಿಡಿದಿದ್ದ ವಕಾಲತ್ತನ್ನು ಹಿಂದಿರುಗಿಸಿದರು. ಭೋಪಾಲ್ ಅನಿಲ ದುರಂತದ ಮೊಕದ್ದಮೆಯಲ್ಲಿ ಯೂನಿಯನ್ ಕಾರ್ಬೈಡ್ ಪರ ನಿಂತದ್ದನ್ನು ಮಾತ್ರ, ಇನ್ನೊಮ್ಮೆ ಅವಕಾಶ ಬಂದರೆ ಮಾಡಲಾರೆ ಎಂದು ಮುಪ್ಪಿನಲ್ಲಿ ಬಹಿರಂಗವಾಗಿಯೇ ಹೇಳಿದರು. ಕಕ್ಷಿದಾರನಿಗೆ ವಕೀಲ ಎಷ್ಟು ಕಟ್ಟುಬಿದ್ದವನು, ಎಲ್ಲಿಗೆ ಆ ಕಟ್ಟು ಸಡಿಲವಾಗಬೇಕು ಎಂಬ ಪ್ರಶ್ನೆ ಅವರನ್ನು ಬದುಕಿಡೀ ಬಿಡಲಿಲ್ಲ.

ಅವರು ಹತ್ತೊಂಬತ್ತು ವರ್ಷ ಮುನ್ನಡೆಸಿದ ಸಂಘವನ್ನು ಬಾರ್ ಕೌನ್ಸಿಲ್ ಆಫ್ ಇಂಡಿಯಾದೊಂದಿಗೆ ಬೆರೆಸುವವರು ಬಹಳ. ಬಾರ್ ಕೌನ್ಸಿಲ್ 1961ರ ವಕೀಲರ ಕಾಯ್ದೆಯಿಂದ ಹುಟ್ಟಿದ ಶಾಸನಬದ್ಧ ಸಂಸ್ಥೆ. ಸನ್ನದು, ಶಿಸ್ತುಕ್ರಮ, ಕಾನೂನು ಶಿಕ್ಷಣ ಅದರ ಕೆಲಸ. ಬಾರ್ ಅಸೋಸಿಯೇಷನ್ ಆಫ್ ಇಂಡಿಯಾ ವಕೀಲರು ತಾವೇ ಕೂಡಿ ಕಟ್ಟಿಕೊಂಡದ್ದು, 1960ರ ಹೊತ್ತಿಗೆ, ಸ್ವತಂತ್ರ ಭಾರತದ ಮೊದಲ ಅಟಾರ್ನಿ ಜನರಲ್ ಎಂ.ಸಿ. ಸೆಟಲ್ವಾಡ್ ಅವರ ನಾಯಕತ್ವದಲ್ಲಿ. ಯಾರ ಸನ್ನದನ್ನೂ ಕಿತ್ತುಕೊಳ್ಳುವ ಅಧಿಕಾರ ಅದಕ್ಕಿಲ್ಲ. ಅದರ ಮಾತಿಗೆ ಬೆಲೆ ಬರುವುದು ಮಾತಾಡುವವರ ಹಿರಿತನದಿಂದ. ನ್ಯಾಯಾಂಗದ ಸ್ವಾತಂತ್ರ್ಯ, ವಕೀಲರ ನಡತೆ, ಹೊರದೇಶಗಳ ವಕೀಲರ ಸಂಘಗಳೊಂದಿಗೆ ಒಡನಾಟ ಇವು ಆ ಸಂಘದ ಕಾಳಜಿಗಳು. ನಾರಿಮನ್ ಆ ಕುರ್ಚಿಯಲ್ಲಿದ್ದ ಕಾಲದಲ್ಲೇ ಅಂತಾರಾಷ್ಟ್ರೀಯ ವಾಣಿಜ್ಯ ಮಧ್ಯಸ್ಥಿಕೆಯ ಮಂಡಳಿಗೂ ಅಧ್ಯಕ್ಷರಾಗಿದ್ದರು, 1999ರಿಂದ ಆರು ವರ್ಷ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರೂ ಆಗಿದ್ದರು. ಅವರ ನಂತರ ಸಂಘದ ಅಧ್ಯಕ್ಷರಾದವರು ಅನಿಲ್ ದಿವಾನ್. ದಿವಾನರೂ ಕಾವೇರಿಯಲ್ಲಿ ಕರ್ನಾಟಕದ ಪರ ವಾದಿಸಿದ ವಕೀಲರೇ. ಹೀಗೆ ದೇಶದ ವಕೀಲರ ಒಂದು ದೊಡ್ಡ ಸಂಘದ ಇಬ್ಬರು ಅಧ್ಯಕ್ಷರು, ಒಬ್ಬರ ಬೆನ್ನಿಗೆ ಒಬ್ಬರು, ಕನ್ನಂಬಾಡಿಯ ನೀರಿಗಾಗಿ ವಾದಿಸಿದವರು. ಇದನ್ನು ಮಂಡ್ಯದಲ್ಲಿ ಬಲ್ಲವರು ಕಡಿಮೆ.

ನಾರಿಮನ್ ಸಂಘದ ಅಧ್ಯಕ್ಷರಾದ 1991ನೆಯ ವರ್ಷವೇ ಕಾವೇರಿ ಕೊಳ್ಳಕ್ಕೆ ಕೆಟ್ಟ ವರ್ಷ. ಮಧ್ಯಂತರ ಆದೇಶ ಕೊಡುವ ಅಧಿಕಾರ ತನಗಿಲ್ಲ ಎಂದು ನ್ಯಾಯಮಂಡಳಿ ಮೊದಲು ಹೇಳಿತ್ತು. ಸುಪ್ರೀಂ ಕೋರ್ಟು ತಮಿಳುನಾಡಿನ ಅರ್ಜಿಯನ್ನು ಕೇಳಿ ಎಂದಿತು. ನ್ಯಾಯಮಂಡಳಿಯ ಜೂನ್ 25ರ ಆದೇಶದಂತೆ ಕರ್ನಾಟಕ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕಾಯಿತು. ಅದೇ ಆದೇಶದ ಇನ್ನೊಂದು ಸಾಲು ಅಷ್ಟೇ ಭಾರವಾಗಿತ್ತು: ಕರ್ನಾಟಕ ತನ್ನ ನೀರಾವರಿಯನ್ನು ಆಗ ಇದ್ದ 11.2 ಲಕ್ಷ ಎಕರೆಯಿಂದಾಚೆಗೆ ವಿಸ್ತರಿಸಬಾರದು. ಪಾಂಡವಪುರದ ರೈತನಿಗೆ 205ರ ಅಂಕಿ ನೋವಾಯಿತು. ಇನ್ನೂ ನಾಲೆಯ ನೀರೇ ಸರಿಯಾಗಿ ಕಾಣದ ನಾಗಮಂಗಲದಂಥ ತಾಲ್ಲೂಕಿಗೆ 11.2 ಲಕ್ಷದ ಗೆರೆಯೇ ಹೆಚ್ಚು ನೋವಾಗಬೇಕಿತ್ತು. ಗೆರೆಯ ಒಳಗೆ ಬಂದವರು ಬಂದರು, ಹೊರಗುಳಿದವರು ಹೊರಗೇ.

ಮುಖ್ಯಮಂತ್ರಿ ಬಂಗಾರಪ್ಪನವರ ಸರ್ಕಾರ ಜುಲೈ 25ರಂದು ಸುಗ್ರೀವಾಜ್ಞೆ ಹೊರಡಿಸಿ ಆದೇಶವನ್ನು ಬದಿಗೊತ್ತಲು ನೋಡಿತು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ನವೆಂಬರ್ 22ರಂದು ಕೋರ್ಟು ಸುಗ್ರೀವಾಜ್ಞೆ ಸಂವಿಧಾನಕ್ಕೆ ವಿರುದ್ಧ ಎಂದಿತು. ಡಿಸೆಂಬರ್‌ನಲ್ಲಿ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಪ್ರಕಟವಾದಾಗ ಬೆಂಗಳೂರು, ಮೈಸೂರುಗಳಲ್ಲಿ ಗಲಭೆ ಎದ್ದಿತು. ತಮಿಳು ಕುಟುಂಬಗಳು ಊರು ಬಿಟ್ಟು ಓಡಿದವು. ಆ ದಿನಗಳ ನಾಚಿಕೆ ಇನ್ನೂ ಆರಿಲ್ಲ.

ಹದಿನಾರು ವರ್ಷಕ್ಕೂ ಮಿಕ್ಕಿ ನ್ಯಾಯಮಂಡಳಿ ಕುಳಿತಿತು. ಅಧ್ಯಕ್ಷರು ಬದಲಾದರು, ಸದಸ್ಯರೊಬ್ಬರು ತೀರಿಕೊಂಡರು, ರಾಜ್ಯದಲ್ಲಿ ಮುಖ್ಯಮಂತ್ರಿಗಳು ಒಬ್ಬರಾದ ಮೇಲೊಬ್ಬರು ಬಂದು ಹೋದರು. ವಕೀಲರ ತಂಡ ಹೆಚ್ಚು ಬದಲಾಗಲಿಲ್ಲ. ನಾರಿಮನ್ ಮುಂದಾಳು; ಜೊತೆಗೆ ಅನಿಲ್ ದಿವಾನ್, ಕನ್ನಡಿಗರಾದ ಎಸ್.ಎಸ್. ಜವಳಿ, ಮೋಹನ್ ಕಾತರಕಿ. ಕೃಷ್ಣಾ ವ್ಯಾಜ್ಯದಲ್ಲೂ ರಾಜ್ಯಕ್ಕೆ ನಾರಿಮನ್ನರೇ ಆಸರೆ. ಜಲವ್ಯಾಜ್ಯದ ವಕೀಲಿಕೆ ಸಾಮಾನ್ಯ ಸಿವಿಲ್ ದಾವೆಯ ಹಾಗಲ್ಲ. ಒಂದು ದಿನ ಒಪ್ಪಂದದ ಕಲಮು, ಮರುದಿನ ಭತ್ತದ ನೀರಿನ ಬೇಡಿಕೆ, ಅದರ ಮರುದಿನ ನೂರು ವರ್ಷದ ಮಳೆ ಮತ್ತು ಹರಿವಿನ ಪಟ್ಟಿ. ಎಂಜಿನಿಯರು ಹೇಳಿದ್ದನ್ನು ನ್ಯಾಯಮೂರ್ತಿಗೆ ತಿಳಿಯುವ ಮಾತಿಗೆ ಇಳಿಸಬೇಕು. ಎದುರಿಗಿರುವ ರಾಜ್ಯದಲ್ಲೂ ರೈತರೇ ಇದ್ದಾರೆ ಎಂಬುದನ್ನು ಮರೆಯದೆ ವಾದಿಸಬೇಕು. ಮರೆತರೆ ನ್ಯಾಯಮೂರ್ತಿ ನೆನಪಿಸುತ್ತಾರೆ.

2002ರ ಬರ ಈ ವಕೀಲಿಕೆಗೆ ಇನ್ನೊಂದು ಪರೀಕ್ಷೆ. ಆಗ ಮುಖ್ಯಮಂತ್ರಿ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ, ಅಮೆರಿಕದಲ್ಲೂ ಕಾನೂನು ಓದಿ ಬಂದವರು. ನೀರು ಬಿಡಿ ಎಂಬ ಆದೇಶವನ್ನು ಪಾಲಿಸಲಿಲ್ಲ ಎಂದು ನ್ಯಾಯಾಂಗ ನಿಂದನೆಯ ಪ್ರಶ್ನೆ ಎದ್ದಿತು. ಅವರು ಬೆಂಗಳೂರಿನಿಂದ ಮಂಡ್ಯದತ್ತ ಪಾದಯಾತ್ರೆ ನಡೆಸಿದರು, ಕೊನೆಗೆ ನೀರು ಬಿಟ್ಟು ಸುಪ್ರೀಂ ಕೋರ್ಟಿನ ಕ್ಷಮೆ ಕೇಳಿದರು. ಜಿಲ್ಲೆಯ ಮಗ ಜಿಲ್ಲೆಯ ನೀರನ್ನು ಬಿಟ್ಟುಕೊಟ್ಟರು ಎಂದು ರೈತರು ನೊಂದರು.

2007ರ ಫೆಬ್ರುವರಿ 5ರಂದು ಅಂತಿಮ ಐತೀರ್ಪು ಬಂತು. ಕಾವೇರಿಯ ಇಳುವರಿ 740 ಟಿಎಂಸಿ. ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಗಡಿಯ ಬಿಳಿಗುಂಡ್ಲುವಿನಲ್ಲಿ ಕರ್ನಾಟಕ ವರ್ಷಕ್ಕೆ 192 ಟಿಎಂಸಿ ತೋರಿಸಬೇಕು. ಮಧ್ಯಂತರ ಆದೇಶದ 11.2 ಲಕ್ಷ ಎಕರೆಯ ಗೆರೆ ಹೋಗಿ 18.85 ಲಕ್ಷ ಎಕರೆಗೆ ಮಾನ್ಯತೆ ಸಿಕ್ಕಿತು. ಹದಿನಾರು ವರ್ಷದ ವಾದದಲ್ಲಿ ಕರ್ನಾಟಕ ಗಳಿಸಿದ್ದರಲ್ಲಿ ಇದು ದೊಡ್ಡದು ಎನ್ನಬೇಕು. ಹೇಮಾವತಿಯ ಹೊಸ ಅಚ್ಚುಕಟ್ಟಿಗೆ ಕಾನೂನಿನ ನೆಲೆ ದೊರೆತದ್ದು ಇಲ್ಲಿ. ಬೀದಿಯಲ್ಲಿ ಮಾತ್ರ ಕೇಳಿಸಿದ್ದು 419 ಮತ್ತು 270 ಎಂಬ ಎರಡೇ ಅಂಕಿ. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋದವು. ಐತೀರ್ಪು ಗೆಜೆಟ್ ಸೇರಿದ್ದು 2013ರ ಫೆಬ್ರುವರಿಯಲ್ಲಿ.

2014ರಲ್ಲಿ ಇನ್ನೊಂದು ಗದ್ದಲ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರನ್ನು ಬೆಂಗಳೂರಿನ ವಿಶೇಷ ನ್ಯಾಯಾಲಯ ಅಕ್ರಮ ಆಸ್ತಿ ಪ್ರಕರಣದಲ್ಲಿ ಶಿಕ್ಷಿಸಿತ್ತು. ಸುಪ್ರೀಂ ಕೋರ್ಟಿನಲ್ಲಿ ಅವರ ಜಾಮೀನಿಗೆ ವಾದಿಸಿದವರು ನಾರಿಮನ್. ಅಕ್ಟೋಬರ್ 17ರಂದು ಜಾಮೀನು ಸಿಕ್ಕಿತು. ಕಾವೇರಿಯಲ್ಲಿ ನಮ್ಮ ವಕೀಲ, ಜಾಮೀನಿನಲ್ಲಿ ಅವರ ವಕೀಲ, ಇದೆಂಥ ನ್ಯಾಯ ಎಂದು ಕರ್ನಾಟಕದಲ್ಲಿ ಸಿಟ್ಟು ಹೊತ್ತಿತು. ಅವರನ್ನು ಬದಲಿಸಿ ಎಂಬ ಕೂಗು ಎದ್ದಿತು. ವೃತ್ತಿಯ ನಿಯಮದಲ್ಲಿ ಇದು ತಪ್ಪಲ್ಲ: ಒಂದು ರಾಜ್ಯದ ನೀರಿನ ದಾವೆ ಬೇರೆ, ಒಬ್ಬ ವ್ಯಕ್ತಿಯ ಜಾಮೀನು ಬೇರೆ. ಆದರೆ ನೀರಿಗಾಗಿ ರಸ್ತೆಯಲ್ಲಿ ಕುಳಿತವನಿಗೆ ಆ ವ್ಯತ್ಯಾಸ ಒಪ್ಪುವುದು ಕಷ್ಟ, ಅವನ ಕಷ್ಟವೂ ನಿಜ. ಸರ್ಕಾರ ವಕೀಲರನ್ನು ಬದಲಿಸಲಿಲ್ಲ.

ಇನ್ನು 2016ರ ಸೆಪ್ಟೆಂಬರ್. ಮುಂಗಾರು ಕೈಕೊಟ್ಟಿತ್ತು. 5ರಂದು ಸುಪ್ರೀಂ ಕೋರ್ಟು ಹತ್ತು ದಿನ 15,000 ಕ್ಯುಸೆಕ್ ಬಿಡಿ ಎಂದಿತು. ಲೆಕ್ಕ ಹಾಕಿದರೆ ಹತ್ತು ದಿನಕ್ಕೆ ಹತ್ತಿರಹತ್ತಿರ 13 ಟಿಎಂಸಿ. ತುಂಬಿದ ಕೃಷ್ಣರಾಜಸಾಗರದ ಕಾಲುಭಾಗಕ್ಕೂ ಮಿಕ್ಕಿದ ನೀರು, ಆ ವರ್ಷ ಕಟ್ಟೆ ತುಂಬಿರಲೂ ಇಲ್ಲ. ಬೆಂಗಳೂರು-ಮೈಸೂರು ಹೆದ್ದಾರಿ ಬಂದ್ ಆಯಿತು. ಶ್ರೀರಂಗಪಟ್ಟಣ, ಪಾಂಡವಪುರಗಳ ರೈತರು ಬೀದಿಗೆ ಬಂದರು. ಕಪ್ಪು ಕೋಟಿನ ಊರ ವಕೀಲರೂ ಅವರೊಂದಿಗೆ ಧರಣಿಗೆ ಕುಳಿತರು. 12ರಂದು ಆದೇಶ 12,000 ಕ್ಯುಸೆಕ್‌ಗೆ ಇಳಿಯಿತು, ಅಂದೇ ಬೆಂಗಳೂರಿನಲ್ಲಿ ಬಸ್ಸುಗಳಿಗೆ ಬೆಂಕಿ ಬಿತ್ತು. 20ರಂದು 6,000. 23ರಂದು ವಿಧಾನಮಂಡಲ ವಿಶೇಷ ಅಧಿವೇಶನದಲ್ಲಿ ನಿರ್ಣಯ ಮಾಡಿತು: ಜಲಾಶಯಗಳ ನೀರು ಕುಡಿಯುವುದಕ್ಕೆ ಮಾತ್ರ. ಆ ನಿರ್ಣಯದ ಅರ್ಥ ತಮಿಳುನಾಡಿಗೆ ನೀರಿಲ್ಲ ಎಂಬುದಷ್ಟೇ ಅಲ್ಲ; ವಿ.ಸಿ. ನಾಲೆಯ ಗದ್ದೆಗೂ ಇಲ್ಲ. ಆ ಸದನದಲ್ಲಿ ಪಾಂಡವಪುರದ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರೂ ಇದ್ದರು. ರೈತಸಂಘದ ನಾಯಕ, ಮೇಲುಕೋಟೆಯ ಶಾಸಕ.

ಕೋರ್ಟಿನ ಆದೇಶ ಒಂದು ಕಡೆ, ಶಾಸನಸಭೆಯ ನಿರ್ಣಯ ಇನ್ನೊಂದು ಕಡೆ. ನಡುವೆ ಎಂಬತ್ತೇಳು ವರ್ಷದ ವಕೀಲ.

ಸೆಪ್ಟೆಂಬರ್ 30ರಂದು ನ್ಯಾಯಮೂರ್ತಿಗಳಾದ ದೀಪಕ್ ಮಿಶ್ರಾ ಮತ್ತು ಯು.ಯು. ಲಲಿತ್ ಅವರ ಪೀಠದ ಮುಂದೆ ನಾರಿಮನ್ ಎದ್ದು ನಿಂತು, ಆದೇಶ ಪಾಲನೆಯಾಗದಿರುವಾಗ ರಾಜ್ಯದ ಪರ ತಾವು ಏನನ್ನೂ ವಾದಿಸಲಾರೆ ಎಂದು ತಿಳಿಸಿದರು. ಇದನ್ನು ಮೊದಲೇ ಮುಖ್ಯಮಂತ್ರಿ ಸಿದ್ದರಾಮಯ್ಯನವರಿಗೆ ಬರೆದು ತಿಳಿಸಿದ್ದರು. ಮೈಸೂರಿನಲ್ಲಿ ತಾವೇ ವಕೀಲಿ ಮಾಡಿದ್ದ ಮುಖ್ಯಮಂತ್ರಿ ಆ ನಿಲುವಿಗೆ ಅಡ್ಡಬರಲಿಲ್ಲ. ಪೀಠ ಅವರ ನಡೆಯನ್ನು ವಕೀಲವೃತ್ತಿಯ ಉನ್ನತ ಪರಂಪರೆಗೆ ತಕ್ಕದ್ದೆಂದು ಹೊಗಳಿತು. ರಾಜ್ಯಕ್ಕೆ ಮಾತ್ರ ವಿನಾಯಿತಿ ಸಿಗಲಿಲ್ಲ: ಅಕ್ಟೋಬರ್ 1ರಿಂದ 6ರವರೆಗೆ 6,000 ಕ್ಯುಸೆಕ್ ಬಿಡಿ ಎಂದೇ ಆದೇಶವಾಯಿತು. ಮಂಡ್ಯದ ಕಡೆ ಕೇಳಿಬಂದ ಮಾತು ಬೇರೆ. ಯುದ್ಧದ ನಡುವೆ ಸೇನಾಪತಿ ಶಸ್ತ್ರ ಕೆಳಗಿಟ್ಟ ಎಂದರು. ಸೋಲಿಗೆ ಅವರೇ ಕಾರಣ, ಬೇರೆ ವಕೀಲರನ್ನು ತನ್ನಿ ಎಂದರು.

ಈ ಆರೋಪವನ್ನು ಒಪ್ಪಲಾಗದು. ವಕೀಲ ಕಕ್ಷಿದಾರನ ಬಾಯಿ ಹೌದು. ಅವನು ನ್ಯಾಯಾಲಯದ ಅಧಿಕಾರಿಯೂ ಹೌದು ಎಂಬುದು ಈ ವೃತ್ತಿಯ ಹಳೆಯ ಕಟ್ಟಳೆ. ಹತ್ತೊಂಬತ್ತು ವರ್ಷ ದೇಶದ ವಕೀಲರ ಸಂಘವನ್ನು ಮುನ್ನಡೆಸಿ, ನ್ಯಾಯಾಂಗದ ಘನತೆಯ ಬಗ್ಗೆ ಕಿರಿಯರಿಗೆ ಹೇಳುತ್ತ ಬಂದವರು, ತಮ್ಮ ಕಕ್ಷಿದಾರ ಆದೇಶ ಮೀರಿದ ದಿನ ಅದನ್ನೇ ಸಮರ್ಥಿಸಿಕೊಂಡು ನಿಂತಿದ್ದರೆ ಅವರ ಮಾತಿಗೆ ಆ ಕೋಣೆಯಲ್ಲಿ ಏನು ಬೆಲೆ ಉಳಿಯುತ್ತಿತ್ತು? ಅವರ ಮಾತಿನ ಬೆಲೆಯೇ ಕರ್ನಾಟಕದ ಕೈಯಲ್ಲಿದ್ದ ದೊಡ್ಡ ಬಂಡವಾಳ. ಮುಖ್ಯ ಮೇಲ್ಮನವಿಗಳ ವಿಚಾರಣೆ ಇನ್ನೂ ಬಾಕಿಯಿತ್ತು. ಅವರು ಕೈಬಿಟ್ಟದ್ದು ಅವಿಧೇಯತೆಯನ್ನು ಸಮರ್ಥಿಸುವ ಒಂದು ವಾದವನ್ನು, ಕಾವೇರಿಯ ದಾವೆಯನ್ನಲ್ಲ. ಅಕ್ಟೋಬರ್ 3ರಂದು ವಿಧಾನಮಂಡಲ ಮತ್ತೆ ಸೇರಿ ರೈತರ ಬೆಳೆಗೂ ನೀರು ಬಿಡಲು ದಾರಿ ಮಾಡುವ ನಿರ್ಣಯ ಕೈಗೊಂಡಿತು. ನಾಲೆಗಳಲ್ಲಿ ನೀರು ಹರಿಯಿತು, ಕೆಳಕ್ಕೂ ಹರಿಯಿತು. ಮರುದಿನ ಕೋರ್ಟು ಮುಂದಿನ ದಿನಗಳ ಪ್ರಮಾಣವನ್ನು 2,000 ಕ್ಯುಸೆಕ್‌ಗೆ ಇಳಿಸಿತು.

ಡಿಸೆಂಬರ್ 9ರ ತೀರ್ಪು ಪತ್ರಿಕೆಗಳಲ್ಲಿ ಅಷ್ಟಾಗಿ ಸದ್ದು ಮಾಡಲಿಲ್ಲ, ಆದರೆ ದಾವೆಯ ತಿರುವು ಅಲ್ಲಿದೆ. ನ್ಯಾಯಮಂಡಳಿಯ ಐತೀರ್ಪೇ ಕೊನೆ, ಅದರ ಮೇಲೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಬರುವಂತೆಯೇ ಇಲ್ಲ ಎಂದು ಕೇಂದ್ರ ಸರ್ಕಾರ ವಾದಿಸಿತ್ತು. ಹಾಗಾಗಿದ್ದರೆ 270 ಟಿಎಂಸಿಯೇ ಶಾಶ್ವತ. ಮೇಲ್ಮನವಿ ಕೇಳುವ ಅಧಿಕಾರ ತನಗಿದೆ ಎಂದು ಕೋರ್ಟು ಹೇಳಿತು. ಅದು ಹಾಗೆ ಹೇಳಬೇಕೆಂದು ವಾದಿಸಿದವರಲ್ಲಿ ನಾರಿಮನ್ ಮುಂಚೂಣಿಯಲ್ಲಿದ್ದರು. ಮರುವರ್ಷ ಮಾರ್ಚ್‌ನಲ್ಲಿ ಅನಿಲ್ ದಿವಾನ್ ತೀರಿಕೊಂಡರು. ನಾರಿಮನ್ ತಿಂಗಳುಗಟ್ಟಲೆ ನಡೆದ ವಿಚಾರಣೆಯಲ್ಲಿ 1892, 1924ರ ಒಪ್ಪಂದಗಳ ಅಸಮಾನತೆಯಿಂದ ಹಿಡಿದು ಬೆಂಗಳೂರಿನ ಕುಡಿಯುವ ನೀರಿನವರೆಗೆ ವಾದ ಕಟ್ಟಿದರು. 2017ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕಾಯ್ದಿರಿಸಲಾಯಿತು.

2018ರ ಫೆಬ್ರುವರಿ 16ರ ತೀರ್ಪು ಕರ್ನಾಟಕದ ಎಲ್ಲ ವಾದವನ್ನೂ ಒಪ್ಪಲಿಲ್ಲ. ಹಳೆಯ ಒಪ್ಪಂದಗಳು ಬಲವಂತದವು ಎಂಬ ಮಾತು ಬಿದ್ದುಹೋಯಿತು; 1924ರ ಒಪ್ಪಂದ 50 ವರ್ಷಕ್ಕೆ ಮುಗಿಯಿತು ಎಂಬುದು ನಿಂತಿತು. ನದಿ ಯಾವ ಒಂದು ರಾಜ್ಯದ ಸ್ವತ್ತೂ ಅಲ್ಲ, ರಾಷ್ಟ್ರದ ಸಂಪತ್ತು ಎಂದು ಕೋರ್ಟು ಹೇಳಿತು. ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚಿತು, ಪಾಲು 284.75ಕ್ಕೆ ಏರಿತು, ಬಿಳಿಗುಂಡ್ಲುವಿನ ಲೆಕ್ಕ 192ರಿಂದ 177.25ಕ್ಕೆ ಇಳಿಯಿತು. ತಮಿಳುನಾಡಿನ ಅಂತರ್ಜಲವನ್ನು ಎಣಿಕೆಗೆ ತೆಗೆದುಕೊಂಡದ್ದರಿಂದ 10 ಟಿಎಂಸಿ, ಬೆಂಗಳೂರಿಗೆ ಕುಡಿಯಲು 4.75.

ಅಂದರೆ ಹೆದ್ದಾರಿಯಲ್ಲಿ ಮಲಗಿದವರು ಶ್ರೀರಂಗಪಟ್ಟಣ, ಪಾಂಡವಪುರದವರು; ಹೊಸ ನೀರಿನಲ್ಲಿ ಹೆಸರು ಹಿಡಿದು ಪಾಲು ಬರೆಸಿಕೊಂಡದ್ದು ಬೆಂಗಳೂರು. ನಗರಕ್ಕೆ ಕುಡಿಯುವ ನೀರು ಬೇಕು, ಅದನ್ನು ಯಾರೂ ಅಲ್ಲಗಳೆಯರು. ಆದರೂ ನಾಲ್ಕು ತಾಲ್ಲೂಕಿನ ರೈತರ ಹೋರಾಟವನ್ನು ಆ 4.75 ಟಿಎಂಸಿ ಕುಡಿಯುವವರು ನೆನೆಯಬೇಕಾದದ್ದು ಋಣ. ಗಡಿಯಲ್ಲಿ ತೋರಿಸುವ ಲೆಕ್ಕ ಇಳಿದದ್ದರಿಂದ ಕೃಷ್ಣರಾಜಸಾಗರದ ಮೇಲಿನ ಒತ್ತಡ ಒಂದಷ್ಟು ತಗ್ಗಿತು. ನಾಲೆಯ ಕೊನೆ ಭಾಗದ ರೈತನಿಗೆ ದಕ್ಕಿದ್ದು ಆ ಸಡಿಲಿಕೆ.

ತೀರ್ಪು ಬಂದ ಎರಡನೆಯ ದಿನ, ಫೆಬ್ರುವರಿ 18ರಂದು, ಪುಟ್ಟಣ್ಣಯ್ಯ ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಗೆದ್ದು ಸದನದಲ್ಲಿ ನೀರಿನ ಮಾತಾಡಿದವರು. 14.75ರ ಅರ್ಥವನ್ನು ಹಳ್ಳಿಯ ಜಗುಲಿಯಲ್ಲಿ ಕುಳಿತು ಜನರಿಗೆ ಬಿಡಿಸಿ ಹೇಳಬಲ್ಲ ನಾಯಕ ಅವರಾಗಿದ್ದರು. ಆ ಹೊತ್ತಿಗೇ ಅವರಿಲ್ಲವಾದದ್ದು ಈ ತಾಲ್ಲೂಕುಗಳಿಗೆ ದೊಡ್ಡ ನಷ್ಟ.

2018ರ ಜೂನ್‌ನಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ರಚನೆಯಾಯಿತು. ಅಲ್ಲಿಂದೀಚೆಗೆ ಮೊದಲ ವಾದ ಅಧಿಕಾರಿಗಳ ಸಭೆಯಲ್ಲಿ, ಆಮೇಲೆ ಕೋರ್ಟಿನಲ್ಲಿ. 2023ರಲ್ಲಿ ಮತ್ತೆ ಬರ ಬಂತು. 5,000 ಕ್ಯುಸೆಕ್ ಬಿಡಬೇಕೆಂಬ ಪ್ರಾಧಿಕಾರದ ಆದೇಶದಲ್ಲಿ ಕೈಹಾಕಲು ಸುಪ್ರೀಂ ಕೋರ್ಟು ಸೆಪ್ಟೆಂಬರ್ 21ರಂದು ಒಪ್ಪಲಿಲ್ಲ. ಅದೇ ತಿಂಗಳು ಬೆಂಗಳೂರು ಬಂದ್, ಕರ್ನಾಟಕ ಬಂದ್ ನಡೆದವು. 21ರಂದು ಕೋರ್ಟಿನಲ್ಲಿ ಕರ್ನಾಟಕದ ಪರ ವಾದಿಸಿದವರು ಶ್ಯಾಮ್ ದಿವಾನ್, ಅನಿಲ್ ದಿವಾನರ ಮಗ. ಐದು ತಿಂಗಳ ನಂತರ, 2024ರ ಫೆಬ್ರುವರಿ 21ರಂದು, ನಾರಿಮನ್ ದೆಹಲಿಯಲ್ಲಿ ತೀರಿಕೊಂಡರು. ಅವರಿಗೆ 95 ವರ್ಷ. ಕಾವೇರಿ, ಕೃಷ್ಣಾ ವ್ಯಾಜ್ಯಗಳಲ್ಲಿ ಅವರು ಮಂಡಿಸಿದ ವಾದಗಳು ದಾಖಲೆಗಳಲ್ಲಿ ಉಳಿದಿವೆ. ಕಾವೇರಿಗೆ ಮೇಕೆದಾಟುವಿನಲ್ಲಿ ಅಣೆಕಟ್ಟು ಕಟ್ಟುವ ಯೋಜನೆಗಾಗಿ ಓಡಾಡುವ ಇಂದಿನ ವಕೀಲರೂ ಎಂಜಿನಿಯರುಗಳೂ ಅವನ್ನೇ ಬಿಚ್ಚಿಕೊಂಡು ಕೂರಬೇಕಾಗಿದೆ.